ಅಜ್ಜೀಪುರದ ಹಿಡಿ ಅಕ್ಕಿ

ಸ್ತ್ರೀ ಸಮಾಜದ ಚರಿತ್ರೆ ಬರೆಯುವ ಕೆಲಸ ದಯಾಮಣಿಯ ಕೊರಳಿಗೆ ಬಿದ್ದದ್ದು ಅವಳ ಅಕ್ಷರ ದುಂಡಗಿತ್ತು ಎಂಬ ಒಂದೇ ಕಾರಣಕ್ಕೆ. ೧೯೭೪ರ ಜುಲೈ ತಿಂಗಳಲ್ಲಿ ಮೈಸೂರಿನಲ್ಲಿದ್ದ ಕ್ರೈಸ್ತ ಸಭೆಯ ದೊಡ್ಡ ಕಚೇರಿಯಿಂದ ಒಂದು ಕಾಗದ ಬಂತು. ಎಲ್ಲ ಊರುಗಳ ಸಭೆಯ ಹೆಂಗಸರೂ ತಂತಮ್ಮ ಸಮಾಜದ ಚರಿತ್ರೆಯನ್ನು ನಾಲ್ಕು ಪುಟ ಮೀರದಂತೆ ಬರೆದು, ಅಕ್ಟೋಬರಿನ ವಾರ್ಷಿಕ ಕೂಟದಲ್ಲಿ ಓದಿ, ಎಲ್ಲರ ಒಪ್ಪಿಗೆ ಪಡೆದು ಕಳಿಸಬೇಕು ಎಂದು ಅದರಲ್ಲಿತ್ತು. ಕೊಳ್ಳೇಗಾಲ, ಹನೂರು, ಯಳಂದೂರು ಮೂರು ಕಡೆಯ ಹೆಂಗಸರು ಸೇರಿ ಕಟ್ಟಿಕೊಂಡ ಸಮಾಜ ಇದು. ಕಮಿಟಿಯಲ್ಲಿ ಹನ್ನೊಂದು ಮಂದಿ. ಅವರಲ್ಲಿ ಹತ್ತು ಮಂದಿಗೆ ಚರಿತ್ರೆಯಲ್ಲಿ ತಮ್ಮ ಹೆಸರು ಬರಬೇಕೆಂಬ ಆಸೆಯಿತ್ತು, ಬರೆಯುವ ಆಸೆ ಒಬ್ಬರಿಗೂ ಇರಲಿಲ್ಲ. ಹನ್ನೊಂದನೆಯವಳು ದಯಾಮಣಿ. ಇಪ್ಪತ್ತಾರು ವರ್ಷ, ಕೊಳ್ಳೇಗಾಲದ ಪ್ರೈಮರಿ ಶಾಲೆಯಲ್ಲಿ ಟೀಚರು, ಸಮಾಜದ ಕಾರ್ಯದರ್ಶಿ, ಇನ್ನೂ ಮದುವೆಯಾಗಿಲ್ಲ. ಮದುವೆಯಾಗದವಳಿಗೆ ಬೇಕಾದಷ್ಟು ಬಿಡುವಿರುತ್ತದೆ ಎಂದು ಮದುವೆಯಾದವರೆಲ್ಲ ಸೇರಿ ತೀರ್ಮಾನ ಮಾಡಿದರು.

ದಯಾಮಣಿ ಒಲ್ಲೆ ಎನ್ನಲಿಲ್ಲ. ಹಾಗೆನ್ನುವ ಬಾಯಿ ಅವಳಿಗಿರಲಿಲ್ಲ. ಅವಳು ಮಾಂಬಳ್ಳಿಯ ಕೆಂಚಯ್ಯನ ಮಗಳು. ಊರಿನ ಸುತ್ತ ಗದ್ದೆಗಳಿದ್ದರೂ ಕೂಲಿಯ ಕೆಂಚಯ್ಯನ ಮನೆಯಲ್ಲಿ ಅನ್ನ ಬೇಯುತ್ತಿದ್ದುದು ಹಬ್ಬಕ್ಕೆ ಮಾತ್ರ. ತಾಯಿ ಹೆರಿಗೆಯಲ್ಲಿ ತೀರಿಕೊಂಡ ವರ್ಷ, ಒಂಬತ್ತರ ಹುಡುಗಿಯನ್ನು ಅವನು ನಡೆಸಿಕೊಂಡೇ ಬಂದು ಕೊಳ್ಳೇಗಾಲದ ಸ್ತ್ರೀ ಸಮಾಜದ ಹಾಸ್ಟೆಲಿನ ಜಗುಲಿಯ ಮೇಲೆ ಕೂರಿಸಿ, ತಿರುಗಿ ನೋಡದೆ ಹೋದ. ತಿರುಗಿ ನೋಡಿದ್ದರೆ ಬಿಟ್ಟು ಹೋಗಲು ಆಗುತ್ತಿರಲಿಲ್ಲ ಎಂದು ಬಹಳ ವರ್ಷಗಳ ಮೇಲೆ ಹೇಳಿಕೊಂಡ. ಆ ಮಧ್ಯಾಹ್ನ ಹುಡುಗಿಯ ತಟ್ಟೆಗೆ ಬಿಸಿ ಅನ್ನ ಬಿತ್ತು. ಮರುದಿನವೂ ಬಿತ್ತು. ಮೂರನೇ ದಿನವೂ ಬಿದ್ದಾಗ, ಇವತ್ತು ಯಾವ ಹಬ್ಬ ಎಂದು ಅವಳು ಪಕ್ಕದವಳನ್ನು ಕೇಳಿದಳು. ಹಾಸ್ಟೆಲಿನ ಹುಡುಗಿಯರು ಅವಳನ್ನು ಒಂದು ತಿಂಗಳು ‘ಹಬ್ಬದ ದಯಾಮಣಿ’ ಎಂದು ಕರೆದು ಗೋಳು ಹೊಯ್ದುಕೊಂಡರು.

ಹಾಗೆ ಹತ್ತು ವರ್ಷ ಉಂಡಳು. ಓದಿದಳು. ಟ್ರೈನಿಂಗ್ ಮುಗಿಸಿದಳು. ಇವತ್ತು ಬಿಳಿ ಸೀರೆ ಉಟ್ಟು, ಕೊಡೆ ಹಿಡಿದು ಶಾಲೆಗೆ ಹೋಗುವಾಗ ಕೊಳ್ಳೇಗಾಲದ ಜನ ಟೀಚರಮ್ಮ ಎಂದು ದಾರಿ ಬಿಡುತ್ತಾರೆ. ಇದಕ್ಕೆಲ್ಲ ಯಾರಿಗೆ ಕೈ ಮುಗಿಯಬೇಕೋ ಅವರಿಗೆ ಎಲ್ಲರೆದುರು ಒಂದು ಸಲ ಬಾಯಿ ಬಿಟ್ಟು ಹೇಳಬೇಕು ಎಂಬುದು ಅವಳ ಬಹಳ ದಿನದ ಆಸೆ. ಚರಿತ್ರೆಯ ನಾಲ್ಕು ಪುಟ ಅದಕ್ಕೇ ಒದಗಿ ಬಂತು ಎಂದುಕೊಂಡಳು.

ಯಾರಿಗೆ ಹೇಳಬೇಕು ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಜ್ಞಾನಸುಂದರಮ್ಮನವರಿಗೆ. ಸಮಾಜವನ್ನು ಹುಟ್ಟಿಸಿದವರು ಅವರೇ. ಮೈಸೂರಿನಲ್ಲಿ ಹುಟ್ಟಿ ಬೆಳೆದವರು, ಕೊಳ್ಳೇಗಾಲದ ಸಭೆಗೆ ಅಯ್ಯನವರಾಗಿ, ಎಂದರೆ ಪಾದ್ರಿಯಾಗಿ, ಬಂದವರ ಹೆಂಡತಿ. ಅಯ್ಯನವರು ಈಗಿಲ್ಲ. ಎಪ್ಪತ್ತು ದಾಟಿದ ಅಮ್ಮನವರು ಸಭೆಯ ದೇವಾಲಯದ ಹಿಂದಿನ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಕಣ್ಣು ಮಂಜಾಗಿತ್ತು, ಕಿವಿಯೂ ನಾಲಿಗೆಯೂ ಚುರುಕಾಗೇ ಇದ್ದವು.

“ಬರೆದದ್ದನ್ನೆಲ್ಲ ಮೊದಲು ನನಗೆ ಓದಿ ಹೇಳಬೇಕು. ನಾನು ಬದುಕಿರುವಾಗಲೇ ಸುಳ್ಳು ಚರಿತ್ರೆ ಹೋಗಬಾರದು” ಎಂದು ಅವರು ದಯಾಮಣಿಗೆ ಕಟ್ಟುಪಾಡು ಹಾಕಿದರು.

ಮೊದಲ ಎರಡು ಪುಟ ಸರಾಗವಾಗಿ ಸಾಗಿದವು. ೧೯೫೬ರವರೆಗೆ ಕೊಳ್ಳೇಗಾಲ ಮದರಾಸು ರಾಜ್ಯಕ್ಕೆ ಸೇರಿತ್ತು, ಯಳಂದೂರು ಮೈಸೂರಿಗೆ. ಕೊಳ್ಳೇಗಾಲದ, ಹನೂರಿನ ಸಭೆಗಳ ಹೆಂಗಸರು ಕೂಟಕ್ಕೆಂದು ಘಟ್ಟ ಇಳಿದು ಕೊಯಮತ್ತೂರಿನ ಕಡೆ ಹೋಗಿ, ತಮಿಳಿನ ಪ್ರಸಂಗ ಕೇಳಿ, ಅರ್ಧ ಅರ್ಥವಾಗಿ ಅರ್ಧ ಆಗದೆ ಬರುತ್ತಿದ್ದರು. ಕೂಗಳತೆಯಲ್ಲಿದ್ದ ಯಳಂದೂರಿನ ಹೆಂಗಸರು ಮೈಸೂರಿಗೆ ಹೋಗುತ್ತಿದ್ದರು. ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಗಡಿ ಸರಿದು ಕೊಳ್ಳೇಗಾಲವೂ ಮೈಸೂರಿಗೆ ಸೇರಿತು. ಡಿಸೆಂಬರಿನಲ್ಲಿ ಜ್ಞಾನಸುಂದರಮ್ಮನವರು ಮೂರೂ ಕಡೆಯವರನ್ನು ಒಂದೇ ಜಮಖಾನದ ಮೇಲೆ ಕೂರಿಸಿದರು. ಮೊದಲ ಕೀರ್ತನೆಯನ್ನು ಅರ್ಧ ಜನ ತಮಿಳಿನಲ್ಲಿ, ಅರ್ಧ ಜನ ಕನ್ನಡದಲ್ಲಿ ಎತ್ತಿಕೊಂಡರು. ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ಹಾರ್ಮೋನಿಯಂ ನಡುವೆಯೇ ನಿಂತಿತು. ಹೆಂಗಸರು ನಿಲ್ಲಿಸಲಿಲ್ಲ, ಕೊನೆಯ ಚರಣದವರೆಗೂ ಎರಡು ಭಾಷೆಯಲ್ಲೇ ಹಾಡಿ ಮುಗಿಸಿದರು.

ಆ ದಿನವೇ ಹಾಸ್ಟೆಲಿನ ತೀರ್ಮಾನವಾಯಿತು. ಬಡ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಓದಿಸುವುದು. ಊಟಕ್ಕೆ ದಾರಿ? ಜ್ಞಾನಸುಂದರಮ್ಮನವರೇ ಕೂತು ಒಂದು ಸುತ್ತೋಲೆ ಬರೆದರು. ‘ಪ್ರತಿಯೊಬ್ಬ ಸಹೋದರಿಯೂ ದಿನವೂ ಅಡುಗೆಗೆ ಮೊದಲು ಒಂದು ಹಿಡಿ ಅಕ್ಕಿಯನ್ನು ದೇವರ ಹೆಸರಿನಲ್ಲಿ ಬೇರೊಂದು ಕುಡಿಕೆಯಲ್ಲಿ ತೆಗೆದಿಡತಕ್ಕದ್ದು.’ ಓದು ಬಾರದವರಿಗೆ ಬೈಬಲ್ ಓದಿ ಹೇಳುತ್ತ ಊರೂರು ಸುತ್ತುತ್ತಿದ್ದ ಗುರುಬಸಮ್ಮ ಆ ಸುತ್ತೋಲೆಯನ್ನು ಎಲ್ಲ ಊರುಗಳಲ್ಲೂ ಓದಿದಳು. ತಿಂಗಳಿಗೊಮ್ಮೆ ಕುಡಿಕೆಗಳನ್ನು ಚೀಲಕ್ಕೆ ಸುರಿದುಕೊಂಡು ಬರುವುದೂ ಅವಳ ಕೆಲಸವೇ ಆಯಿತು. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ಚೀಲ ಬಸ್ಸಿನ ಮೇಲೆ ಬರುತ್ತಿತ್ತು.

ಮೂರನೇ ಪುಟಕ್ಕೆಂದು ದಯಾಮಣಿ ಸಮಾಜದ ಹಳೆಯ ನಡಾವಳಿ ಪುಸ್ತಕಗಳನ್ನು ತಿರುವಿ ಹಾಕಿದಳು. ಪ್ರತಿ ತಿಂಗಳೂ ಯಾವ ಊರಿನ ಅಕ್ಕಿ ಬಂತು, ಯಾವ ಊರಿನದು ಬರಲಿಲ್ಲ ಎಂದು ಅದರಲ್ಲಿ ಗುರುತು ಹಾಕಿತ್ತು. ಮೊದಮೊದಲು ಎಲ್ಲರದೂ ಬಂತು. ಆಮೇಲೆ ಹುರುಪು ಇಳಿಯಿತು. ದೇವಾಲಯದ ನೆರಳಲ್ಲೇ ಇದ್ದ ಕೊಳ್ಳೇಗಾಲದವರದು ವರ್ಷಕ್ಕೆ ನಾಲ್ಕು ತಿಂಗಳು ಬಂದರೆ ಹೆಚ್ಚು. ಅಕ್ಕಿಗೆ ಹಾಹಾಕಾರವೆದ್ದ ಅರವತ್ತಾರನೇ ಇಸವಿಯಲ್ಲಂತೂ ಒಂದಾದ ಮೇಲೊಂದು ‘ಬರಲಿಲ್ಲ’, ‘ಬರಲಿಲ್ಲ’. ಒಂದೇ ಒಂದು ಊರಿನ ಎದುರು ಮಾತ್ರ ಹದಿನೇಳು ವರ್ಷದಲ್ಲಿ ಒಂದು ತಿಂಗಳೂ ಬಿಡದೆ ‘ಬಂತು’ ಎಂದಿತ್ತು. ‘ಅಜ್ಜೀಪುರ. ರೂತಮ್ಮ ಮತ್ತು ಎಂಟು ಮಂದಿ.’

ದಯಾಮಣಿ ಬೆರಗಾದಳು. ಅರವತ್ತಾರರಲ್ಲೂ ಅವಳ ತಟ್ಟೆಗೆ ಅನ್ನ ಬಿದ್ದಿತ್ತು. ಅಳತೆ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಈ ರೂತಮ್ಮ ಯಾರು? ಕಮಿಟಿಯಲ್ಲಿ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. “ಗದ್ದೆಯಿರುವ ಕುಳ ಇರಬೇಕು” ಎಂದರು ಅಧ್ಯಕ್ಷಿಣಿ.

ಎರಡನೇ ಶನಿವಾರ ಶಾಲೆಗೆ ರಜ. ದಯಾಮಣಿ ಮಾದಪ್ಪನ ಬೆಟ್ಟದ ಬಸ್ಸು ಹತ್ತಿದಳು. ಬಸ್ಸಿನ ತುಂಬ ಹರಕೆ ಹೊತ್ತವರು. ಹನೂರು ದಾಟಿದ ಮೇಲೆ ಗದ್ದೆ ಹಿಂದೆ ಉಳಿದು ಎರಡೂ ಕಡೆ ರಾಗಿ, ಹುರುಳಿ, ಕಡಲೆಕಾಯಿಯ ಹೊಲಗಳೇ ಬಂದವು. ಕಣ್ಣು ಅದನ್ನು ನೋಡಿತು, ತಲೆಗೆ ಹೋಗಲಿಲ್ಲ. ಅಜ್ಜೀಪುರದಲ್ಲಿ ಇಳಿದು, ರಸ್ತೆ ಬದಿಯ ಟೀ ಅಂಗಡಿಯಲ್ಲಿ ರೂತಮ್ಮನ ಮನೆ ಯಾವುದೆಂದು ಕೇಳಿದಳು.

“ನಮ್ಮೂರಲ್ಲಿ ಆ ಎಸ್ರಿನೋರು ಯಾರೂ ಇಲ್ಲ ಕಣ್ರವ್ವ” ಎಂದ ಅಂಗಡಿಯವನು. “ಸಭೆಯೋರ ಬೀದಿ ಅಂದ್ರೆ ಅಗಾ, ಆ ಉಣಸೇ ಮರದ ಅತ್ರ. ಅಲ್ ಓಗಿ ಕೇಳಿ.”

ಹುಣಸೇ ಮರದ ಹತ್ತಿರ ಒಂಬತ್ತು ಸಣ್ಣ ಮನೆಗಳು. ಮೊದಲ ಮನೆಯ ಮುಂದೆ ಐವತ್ತೈದು ದಾಟಿದ ಹೆಂಗಸೊಬ್ಬಳು ಹುರುಳಿ ಕೇರುತ್ತಿದ್ದಳು. ಮೊರವನ್ನು ಕೆಳಗಿಟ್ಟು ಯೋಚಿಸಿದಳು.

“ರೂತಮ್ಮನಾ? ಯಾರವ್ವ ಅದು?” ಎಂದವಳು ತಟ್ಟನೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. “ಅಯ್ಯೋ, ನಾನೇ ಕಣವ್ವ! ದೀಕ್ಷಾಸ್ನಾನ ಆದ ದಿವ್ಸ ಅಯ್ನೋರು ಇಟ್ಟ ಎಸ್ರು ಅದು. ಅವತ್ತು ಅವ್ರು ಕೂಗಿದ್ದೇ ಕಡೆ, ಆಮೇಲೆ ಯಾರೂ ಕೂಗ್ನಿಲ್ಲ. ನನ್ನ ಎಲ್ರೂ ಚಿಕ್ಕನಿಂಗಮ್ಮ ಅಂತಾರೆ.”

ಸಮಾಜದ ಕಾರ್ಯದರ್ಶಿ ಕೊಳ್ಳೇಗಾಲದಿಂದ ಬಂದಿದ್ದಾಳೆ ಎಂದು ತಿಳಿದು ಬೀದಿಗೆ ಬೀದಿಯೇ ಸೇರಿತು. ಒಬ್ಬಳು ಚಾಪೆ ತಂದಳು, ಇನ್ನೊಬ್ಬಳು ಎಳನೀರಿಗೆ ಓಡಿದಳು. ಹೊತ್ತು ನೆತ್ತಿಗೆ ಬಂದಿತ್ತು. ಉಣ್ಣದೆ ಕಳಿಸುವುದಿಲ್ಲ ಎಂದು ಚಿಕ್ಕನಿಂಗಮ್ಮ ಹಟ ಹಿಡಿದು, ತಟ್ಟೆಗೆ ಹಬೆಯಾಡುವ ರಾಗಿಮುದ್ದೆಯನ್ನೂ ಸೊಪ್ಪಿನ ಉಪ್ಪುಸಾರನ್ನೂ ಬಡಿಸಿ ಇಟ್ಟಳು. ದಯಾಮಣಿಗೆ ಸಲುಗೆ ಬಂದಿತ್ತು.

“ದಿನಾ ಹಿಡಿ ಅಕ್ಕಿ ತೆಗೆದಿಡೋರು ನೀವು. ನೆಂಟರಿಗೆ ಮಾತ್ರ ಮುದ್ದೆನಾ ಅವ್ವ?” ಎಂದು ತಮಾಷೆ ಮಾಡಿದಳು.

ಯಾರೂ ನಗಲಿಲ್ಲ. ಚಿಕ್ಕನಿಂಗಮ್ಮನ ಮುಖ ಸಣ್ಣಗಾಯಿತು. “ಅನ್ನ ಆಗ್ಬೇಕಿತ್ತಾ ಕೂಸೇ? ಮನೇಲಿ ಅಕ್ಕಿ ಏನೋ ಅದೆ. ಅದು ನಮ್ದಲ್ಲ.”

ಆಡಿದ ಮಾತನ್ನು ನುಂಗಿಕೊಳ್ಳಲು ಬಂದಿದ್ದರೆ ದಯಾಮಣಿ ಆಗಲೇ ನುಂಗುತ್ತಿದ್ದಳು. ಅಕ್ಕಿ ಯಾರದು ಎಂದು ಕೇಳಿದಾಗ ಒಂದೊಂದಾಗಿ ಹೊರಬಂತು. ಈ ಒಂಬತ್ತು ಮನೆಯಲ್ಲಿ ಯಾರೂ ಅಕ್ಕಿ ಬೆಳೆಯುವುದಿಲ್ಲ, ಯಾರೂ ದಿನಾ ಅನ್ನ ಉಣ್ಣುವುದಿಲ್ಲ. ಪ್ರತಿ ವರ್ಷ ಕುಯಿಲಿನ ಕಾಲಕ್ಕೆ ಒಂಬತ್ತು ಹೆಂಗಸರೂ ಬುತ್ತಿ ಕಟ್ಟಿಕೊಂಡು ಕೊಳ್ಳೇಗಾಲದ ಕಡೆಯ ಗದ್ದೆಗಳಿಗೆ ಕೂಲಿಗೆ ಹೋಗುತ್ತಾರೆ. ಕೂಲಿಯನ್ನು ಭತ್ತದಲ್ಲಿ ಕೊಡುತ್ತಾರೆ. ಆ ಭತ್ತವನ್ನು ತಲೆಯ ಮೇಲೆ ಹೊತ್ತು ತಂದು, ಕುಟ್ಟಿ, ಕೇರಿ, ದೊಡ್ಡ ಮಡಕೆಯಲ್ಲಿ ಹಾಕಿ ಬಾಯಿ ಕಟ್ಟುತ್ತಾರೆ. ಆಮೇಲೆ ವರ್ಷವೆಲ್ಲ ದಿನ ಬೆಳಗಾದರೆ, ಮುದ್ದೆಗೆ ಎಸರು ಇಡುವ ಮುಂಚೆ, ದೊಡ್ಡ ಮಡಕೆಯಿಂದ ಒಂದು ಹಿಡಿ ತೆಗೆದು ಸಣ್ಣ ಕುಡಿಕೆಗೆ ಹಾಕುತ್ತಾರೆ.

“ಅಷ್ಟನ್ನೂ ಒಂದೇ ಸಲ ಚೀಲಕ್ಕೆ ಹಾಕಿ ಕಳಿಸಬಹುದಿತ್ತಲ್ಲ?” ಎಂದಳು ದಯಾಮಣಿ.

“ದಿನಾ ಅಡ್ಗೆಗೆ ಮುಂಚೆ ತೆಗೀಬೇಕು ಅಂತ ಅಮ್ಮೋರ ಕಾಗ್ದದಲ್ಲಿ ಇತ್ತಲ್ಲವ್ವ” ಎಂದಳು ಚಿಕ್ಕನಿಂಗಮ್ಮ. “ಒಂದ್ ಸಲ ನನ್ ಮೊಮ್ಮಗಿಗೆ ಜ್ವರ ಬಂದು ಗಂಜಿ ಕೇಳ್ತು. ಅದ್ರಿಂದ್ಲೇ ಒಂದಿಡಿ ತಕಂಡು ಕಾಯ್ಸಿ ಕುಡಿಸ್ದೆ. ಮುಂದಿನ ಕುಯ್ಲಲ್ಲಿ ಎಲ್ಡ್ ದಿವ್ಸ ಎಚ್ಚಿಗೆ ಮಾಡಿ ತುಂಬ್ಸಿವ್ನಿ, ಬರ್ಕಳವ್ವ.”

“ನಿಮ್ಮ ಮಕ್ಕಳು ಯಾರು ಯಾರು ಹಾಸ್ಟೆಲಿನಲ್ಲಿದ್ದರು?”

“ನಮ್ ಐಕಳಾ? ಯಾರೂ ಇಲ್ಲ ಕಣವ್ವ. ಆಡು ಮೇಯ್ಸಕ್ಕೆ, ನೀರು ತರಕ್ಕೆ ಬೇಕಿತ್ತಲ್ಲ. ಯಾರೂ ಕಳಿಸ್ನಿಲ್ಲ.”

ದಯಾಮಣಿ ಮುರಿದ ತುತ್ತನ್ನು ತಟ್ಟೆಗೇ ಇಟ್ಟಳು. ಹತ್ತು ವರ್ಷ ಉಂಡ ಅನ್ನವೆಲ್ಲ ಎದುರಿಗೆ ಬಂದು ಕೂತಂತಾಯಿತು. ಅಮ್ಮನವರ ಮನೆಯಲ್ಲಿ ದಿನಾ ಅನ್ನ ಬೇಯುತ್ತಿತ್ತು, ಆದ್ದರಿಂದ ಸುತ್ತೋಲೆಯಲ್ಲಿ ಅಕ್ಕಿ ಎಂದು ಬರೆದರು. ಪಾಪ, ಇವರು ಅದನ್ನು ದೇವರ ಅಪ್ಪಣೆ ಎಂದು ತಿಳಿದು ಇಷ್ಟು ವರ್ಷ ಇಲ್ಲದ ಅಕ್ಕಿಯನ್ನು ಹುಡುಕಿಕೊಂಡು ಹೋದರು. ರಾಗಿಯನ್ನೇ ಯಾಕೆ ಕೊಡಲಿಲ್ಲ ಎಂದು ಕೇಳುವುದು ಅವಳಿಗೆ ಹೊಳೆಯಲೇ ಇಲ್ಲ. ಉತ್ತರ ತನಗೆ ಗೊತ್ತಿದೆ ಎಂದುಕೊಂಡಳು. ಓದಿದವರಿಗೆ ಬರುವ ಕಾಯಿಲೆ ಅದು.

ಆ ಅನ್ನ ಉಂಡವಳು ನಾನೇ ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಸ್ಸು ಬಂತೆಂದು ಮಕ್ಕಳು ಕೂಗಿದವು. ಕೂಟದಲ್ಲಿ ಎಲ್ಲರೆದುರೇ ಹೇಳುತ್ತೇನೆ ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಂಡು, “ಈ ವರ್ಷ ನೀವೆಲ್ಲರೂ ಕೂಟಕ್ಕೆ ಬರಲೇಬೇಕು ಅವ್ವ” ಎಂದಷ್ಟೇ ಹೇಳಿದಳು.

“ಬತ್ತೀವಿ ಬುಡು ಕೂಸೇ” ಎಂದಳು ಚಿಕ್ಕನಿಂಗಮ್ಮ. ಏಳು ಮಂದಿ ಬರುತ್ತೇವೆಂದು ಒಪ್ಪಿದರು. ಇಬ್ಬರು ತೀರಿಕೊಂಡಿದ್ದರು, ಅವರ ಸೊಸೆಯರು ಕುಡಿಕೆ ನಡೆಸುತ್ತಿದ್ದರು.

ಮರುದಿನ ಆರಾಧನೆ ಮುಗಿದ ಮೇಲೆ ದಯಾಮಣಿ ಜ್ಞಾನಸುಂದರಮ್ಮನವರ ಮುಂದೆ ಕೂತು ಓದಿದಳು. ಒಂದು, ಎರಡನೇ ಪುಟಕ್ಕೆ ಅವರು ತಲೆದೂಗಿದರು. ಹಾರ್ಮೋನಿಯಂ ನಿಂತದ್ದಕ್ಕೆ ನಕ್ಕರು. ಮೂರನೇ ಪುಟ ಹಿಡಿ ಅಕ್ಕಿಯದು, ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಕಿವಿಗೊಟ್ಟು ಕೂತರು. ದಯಾಮಣಿ ಹಾಳೆ ಮಡಿಸಿ, ಅಜ್ಜೀಪುರದಲ್ಲಿ ಕಂಡದ್ದನ್ನು ಬಾಯಲ್ಲೇ ಹೇಳಿದಳು.

“ಗುರುಬಸಮ್ಮ ನನಗೆ ಒಂದು ಮಾತು ಹೇಳಲಿಲ್ಲವಲ್ಲ” ಎಂದರು ಅಮ್ಮನವರು. “ನಮ್ಮ ಮನೆಯಲ್ಲಿ ರಾಗಿ ಅಂದರೆ ಎಳೆ ಮಗುವಿಗೆ ಅಂಬಲಿ, ಅಷ್ಟೆ. ಅಕ್ಕಿಯಿಲ್ಲದ ಒಲೆ ಇರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಪುಣ್ಯದ ಕೆಲಸ ಮಾಡಿದೆ ಅಂದುಕೊಂಡಿದ್ದೆ.” ದಯಾಮಣಿಯ ಕೈ ಹಿಡಿದು, “ಅದನ್ನು ಓದಬೇಡ ದಯಾಮಣಿ. ನಾನು ಹೋದ ಮೇಲೆ ಬೇಕಾದರೆ ಬರೆದುಕೋ” ಎಂದರು.

ದಯಾಮಣಿ ಮನೆಗೆ ಬಂದು ಅತ್ತಳು, ಆಮೇಲೆ ಸಿಟ್ಟು ಮಾಡಿಕೊಂಡಳು, ಆಮೇಲೆ ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಕೂತಳು. ಅಮ್ಮನವರು ಅವಳಿಗೆ ಹೆತ್ತ ತಾಯಿಗಿಂತ ಕಡಿಮೆಯವರಲ್ಲ. ತಲೆಗೆ ಎಣ್ಣೆ ಹಚ್ಚಿದವರು, ಟೈಫಾಯ್ಡ್ ಬಂದಾಗ ಪಕ್ಕದಲ್ಲಿ ಕೂತವರು. ಅಂಥವರನ್ನು ಎಪ್ಪತ್ತರ ಮೇಲೆ ನೂರಿನ್ನೂರು ಹೆಂಗಸರ ಮುಂದೆ ತಲೆ ತಗ್ಗಿಸುವಂತೆ ಮಾಡುವುದು ಹೇಗೆ? ಮಾಡದಿದ್ದರೆ, ಅಜ್ಜೀಪುರದಿಂದ ಬಂದು ಕೂರುವ ಹೆಂಗಸರಿಗೆ ಏನೆಂದು ಕೃತಜ್ಞತೆ ಹೇಳುವುದು? ‘ಎಲ್ಲ ಊರಿನ ಸಹೋದರಿಯರಿಗೂ ವಂದನೆಗಳು’ ಎಂದೇ? ಮೂರನೇ ಪುಟವನ್ನು ಎರಡು ರೀತಿ ಬರೆದಳು. ಒಂದರಲ್ಲಿ ಅಜ್ಜೀಪುರದ ಕಥೆ ಇತ್ತು, ಇನ್ನೊಂದರಲ್ಲಿ ಬರಿಯ ಹೆಸರಿತ್ತು. ಎರಡನ್ನೂ ಫೈಲಿನಲ್ಲಿ ಇಟ್ಟುಕೊಂಡು, ಯಾವುದನ್ನು ಓದುವುದೋ ಗೊತ್ತಿಲ್ಲದೆ ವಾರಗಳನ್ನು ಕಳೆದಳು.

ಕೂಟದ ದಿನ ಬೆಳಿಗ್ಗೆ ಜ್ಞಾನಸುಂದರಮ್ಮನವರೇ ಹೇಳಿ ಕಳಿಸಿದರು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೋಲು ಹಿಡಿದು ಸಿದ್ಧವಾಗಿ ಕೂತಿದ್ದರು.

“ಮೂರನೇ ಪುಟ ನೀನು ಓದಬೇಡ. ನಾನೇ ಹೇಳುತ್ತೇನೆ” ಎಂದರು. ದಯಾಮಣಿ ಏನೋ ಹೇಳಲು ಹೋದಳು. “ತಪ್ಪು ಮಾಡಿದವಳು ನಾನು. ನನ್ನ ತಪ್ಪನ್ನು ನೀನು ಓದಿದರೆ ಚೆನ್ನಾಗಿರುತ್ತದೆಯೆ? ಕೈ ಕೊಡು, ಹೋಗೋಣ.”

ದೇವಾಲಯದ ಪಕ್ಕದ ಸಭಾಂಗಣ ತುಂಬಿತ್ತು. ಮುಂದೆ ಕೊಳ್ಳೇಗಾಲದವರು, ನಡುವೆ ಯಳಂದೂರಿನವರು, ಹನೂರಿನವರು. ಅಜ್ಜೀಪುರದ ಏಳು ಮಂದಿ ಒಗೆದ ಸೀರೆ ಉಟ್ಟು ಹಿಂದೆ ಬಾಗಿಲ ಹತ್ತಿರ ಮುದುರಿಕೊಂಡು ಕೂತಿದ್ದರು. ಕೀರ್ತನೆ, ಪ್ರಾರ್ಥನೆ ಮುಗಿದವು. ದಯಾಮಣಿ ಎರಡು ಪುಟ ಓದಿದಳು, ಚಪ್ಪಾಳೆ ಬಿತ್ತು. ಜ್ಞಾನಸುಂದರಮ್ಮನವರು ಕೋಲೂರಿ ಎದ್ದು ನಿಂತರು. ಕಣ್ಣು ಕಾಣದ್ದರಿಂದ ಅಜ್ಜೀಪುರದವರು ಎಲ್ಲಿ ಕೂತಿದ್ದಾರೆಂದು ದಯಾಮಣಿಯನ್ನು ಕೇಳಿ, ಆ ಕಡೆಗೇ ತಿರುಗಿದರು.

“ಹಿಡಿ ಅಕ್ಕಿಯ ಸುತ್ತೋಲೆ ಬರೆದವಳು ನಾನು” ಎಂದರು. “ಊರೂರು ತಿರುಗಿ, ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂದು ನೋಡಿ ಬರೆಯಬೇಕಿತ್ತು. ನೋಡಲಿಲ್ಲ. ನಮ್ಮ ಮನೆಯ ಒಲೆಯನ್ನೇ ಲೋಕದ ಒಲೆ ಅಂದುಕೊಂಡೆ. ನನ್ನ ತಿಳಿವಳಿಕೆ ಇಲ್ಲದ ಒಂದು ಮಾತಿಗಾಗಿ ಅಜ್ಜೀಪುರದ ಈ ತಾಯಂದಿರು ತಾವು ಮುದ್ದೆ ಉಂಡು, ಕೂಲಿ ಮಾಡಿ ತಂದ ಅಕ್ಕಿಯನ್ನು ಹದಿನೇಳು ವರ್ಷ ಇಲ್ಲಿಗೆ ಕಳಿಸಿದ್ದಾರೆ. ನಾನು ಇವರನ್ನು ವೃಥಾ ಕಷ್ಟಕ್ಕೆ ಹಾಕಿದೆ. ನನ್ನನ್ನು ಕ್ಷಮಿಸಬೇಕು.” ಕೋಲು ಹಿಡಿದ ಕೈಗಳನ್ನೇ ಜೋಡಿಸಿದರು.

ಮುಂದಿನ ಸಾಲಿನವರು ನೆಲ ನೋಡಿದರು. ತಿಂಗಳುಗಟ್ಟಲೆ ‘ಬರಲಿಲ್ಲ’ ಎಂದು ಬರೆಸಿಕೊಂಡವರಿಗೆ ಅಂದು ಜಮಖಾನದ ಬಣ್ಣ ಬಹಳ ಚೆನ್ನಾಗಿ ಕಂಡಿರಬೇಕು. ಹಿಂದಿನಿಂದ ಚಿಕ್ಕನಿಂಗಮ್ಮ ಎದ್ದು ನಿಂತಳು. ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ, ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಮುಖದಲ್ಲಿ ಮಾತ್ರ ಸಿಟ್ಟಿತ್ತು.

“ಅಮ್ಮೋರೇ, ತೆಪ್ಪು ಗಿಪ್ಪು ಅನ್ಬ್ಯಾಡಿ” ಎಂದಳು. “ರಾಗಿ ಕೊಟ್ರೂ ಆಯ್ತದೆ ಅಂತ ನಮ್ಗೆ ಎಲ್ಡನೇ ವರ್ಷಕ್ಕೇ ಗೊತ್ತಿತ್ತು. ಗುರುಬಸಮ್ಮ ಎಷ್ಟ್ ಸಲ ಬಡ್ಕಂಡ್ಲು, ರಾಗೀನೇ ಕೊಡ್ರಮ್ಮೀ, ನಾನು ಅಮ್ಮೋರಿಗೆ ಯೋಳ್ತೀನಿ ಅಂತ. ಅವ್ಳ ಬಾಯಿ ಮುಚ್ಚಿಸ್ದೋರು ನಾವೇ.”

“ಯಾಕಮ್ಮ?” ಎಂದರು ಜ್ಞಾನಸುಂದರಮ್ಮನವರು. ಅವರ ದನಿ ಯಾವತ್ತೂ ಅಷ್ಟು ಚಿಕ್ಕದಾಗಿರಲಿಲ್ಲ.

“ಎಲ್ಲಾ ಊರೋರೂ ಅಕ್ಕಿ ಕೊಡೋವಾಗ ನಾವೊಬ್ರು ಯಾಕೆ ರಾಗಿ ಕೊಡಾಣ ಅಂತ ಒಸಿ ಜಂಬಾನೂ ಇತ್ತು, ಸುಳ್ಯಾಕೆ” ಎಂದಳು ಚಿಕ್ಕನಿಂಗಮ್ಮ. ನಡುವೆ ಯಾರೋ ಕಿಸಕ್ಕೆಂದರು. “ಆದ್ರೆ ಅದಲ್ಲ ಅಮ್ಮೋರೇ. ನಾವು ತರೋ ಬತ್ತನ ಮನೇಲಿ ಬೇಯ್ಸುದ್ರೆ ಎಂಟು ದಿವ್ಸಕ್ಕೆ ಮುಗ್ದೋಯ್ತದೆ. ಒಂಬತ್ನೇ ದಿವ್ಸ ಐಕಳು ಅನ್ನ ಬೇಕು ಅಂತ ಅತ್ಕಂಡು ಕೂತ್ಕತವೆ. ಅವ್ಕೆ ರುಚಿ ತೋರ್ಸಿ ಕಿತ್ಕಳೋದ್ಕಿಂತ, ಅದೇ ಅಕ್ಕಿಲಿ ಎಲ್ಲೋ ಒಂದ್ ನಾಕ್ ಐಕಳು ದಿನಾ ಒಟ್ಟೆ ತುಂಬ ಉಣ್ಲಿ, ಓದ್ಲಿ ಅಂತ ನಾವು ಒಂಬತ್ ಜನಾನೂ ಉಣಸೇ ಮರದ ಕೆಳಗೆ ಕೂತು ಮಾತಾಡ್ಕಂಡ್ವಿ. ತಿಳೀದೆ ಕೊಡ್ನಿಲ್ಲ, ತಿಳ್ದೇ ಕೊಟ್ವಿ. ಈಗ ನೀವು ಕ್ಷಮಿಸಿ ಅಂದ್ರೆ, ನಾವು ದಡ್ಡ್ರಾಗಿ ಕೊಟ್ವಿ ಅಂತ ಆಯ್ತದಲ್ಲ ಅಮ್ಮೋರೇ. ನಾವು ಕೊಟ್ಟಿದ್ನ ನಮ್ಗೇ ಬುಡಿ.”

ಇಷ್ಟು ಹೇಳಿ ಅವಳು ಕೂತುಬಿಟ್ಟಳು. ಜ್ಞಾನಸುಂದರಮ್ಮನವರು ನಿಂತೇ ಇದ್ದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಸರಿಯಮ್ಮ, ನಿಮ್ಮದು ನಿಮಗೇ ಇರಲಿ” ಎಂದರು. “ನಾನು ಬೇಡಿದ ಕ್ಷಮೆಯನ್ನು ವಾಪಸ್ಸು ತೆಗೆದುಕೊಂಡೆ. ಕೊಟ್ಟದ್ದಕ್ಕೆ ದೇವರು ನಿಮ್ಮನ್ನು ತಣ್ಣಗೆ ಇಟ್ಟಿರಲಿ.” ಕೂತ ಮೇಲೆ ಪಕ್ಕದವರಿಗೆ, “ನನಗಿಂತ ದೊಡ್ಡ ಸಮಾಜ ಅಲ್ಲಿ ಮರದ ಕೆಳಗೆ ಕೂತಿತ್ತು ನೋಡಿ” ಎಂದು ಪಿಸುಗುಟ್ಟಿದರು. ಅವರ ಪಿಸುಮಾತು ಸಭಾಂಗಣಕ್ಕೆಲ್ಲ ಕೇಳುತ್ತಿತ್ತು.

ಎಲ್ಲರೂ ದಯಾಮಣಿಯ ಕಡೆ ನೋಡಿದರು. ಅವಳ ಕೈಯಲ್ಲಿ ಮೂರನೇ ಪುಟ ಎರಡು ಇದ್ದವು, ಎರಡೂ ತಪ್ಪಾಗಿದ್ದವು. ಒಂದರಲ್ಲಿ ಅಜ್ಜೀಪುರದ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಇನ್ನೊಂದರಲ್ಲಿದ್ದ ಅಜ್ಜೀಪುರದವರು ಏನೂ ಅರಿಯದ ಪಾಪದ ಹೆಂಗಸರಾಗಿದ್ದರು. ಮರುಕದಿಂದ ಬರೆದ ಒಂದೊಂದು ಸಾಲೂ ಈಗ ಅವಳನ್ನು ನಾಚಿಸಿತು.

“ಏನಂತ ಬರೆಯಲಿ ಅವ್ವ?” ಎಂದು ಅಲ್ಲಿಂದಲೇ ಕೇಳಿದಳು.

“ಕೊಟ್ರು ಅಂತ ಬರಿ ಕೂಸೇ. ಸಾಕು” ಎಂದಳು ಚಿಕ್ಕನಿಂಗಮ್ಮ.

ದಯಾಮಣಿ ಎರಡು ಹಾಳೆಯನ್ನೂ ಮಡಿಸಿ ಮೇಜಿನ ಮೇಲಿಟ್ಟಳು. ನಡುವೆ ಕೂತವರನ್ನು ದಾಟಿಕೊಂಡು, ಸೀರೆಯ ಸೆರಗು ಯಾರ ಕಾಲಿಗೋ ಸಿಕ್ಕಿದ್ದನ್ನೂ ಲೆಕ್ಕಿಸದೆ, ಬಾಗಿಲ ಹತ್ತಿರಕ್ಕೆ ಹೋಗಿ ಚಿಕ್ಕನಿಂಗಮ್ಮನ ಎದುರು ಮಂಡಿಯೂರಿ ಕೂತಳು. ಬರೆದಿಟ್ಟುಕೊಂಡಿದ್ದ ಒಳ್ಳೊಳ್ಳೆಯ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

“ಅವ್ವ, ಅವತ್ತು ನಿಮ್ಮ ಮನೆಯಲ್ಲಿ ಹೇಳಲಾಗಲಿಲ್ಲ” ಎಂದಳು. “ಆ ಹಾಸ್ಟೆಲಿನಲ್ಲಿ ಹತ್ತು ವರ್ಷ ಇದ್ದವಳು ನಾನು. ನಿಮ್ಮ ಅಕ್ಕಿ ಉಂಡು ಬೆಳೆದವಳು ನಾನು.”

ಹದಿನೇಳು ವರ್ಷ ಆ ಹೆಂಗಸರು ಕುಡಿಕೆ ತುಂಬಿ ಕಳಿಸಿದ್ದರೇ ಹೊರತು, ಅದನ್ನು ಉಂಡ ಒಂದು ಮಗುವಿನ ಮುಖವನ್ನೂ ಕಂಡಿರಲಿಲ್ಲ. ಚಿಕ್ಕನಿಂಗಮ್ಮ ದಯಾಮಣಿಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ತೋಳು ಮುಟ್ಟಿದಳು, ಭುಜ ಮುಟ್ಟಿದಳು, ಬೆನ್ನ ಮೇಲಿನ ದಪ್ಪ ಜಡೆಯನ್ನು ಮುಂದಕ್ಕೆ ಎಳೆದು ಕೈಯಲ್ಲಿ ಹಿಡಿದು ತೂಗಿದಳು. ಅವಳ ಕಣ್ಣು ತುಂಬಿತು, ಬಾಯಿ ನಗುತ್ತಿತ್ತು.

“ಲೇ ದೊಡ್ಡಬಸೀ, ಎಲ್ರೂ ಬನ್ರಮ್ಮೀ ಇಲ್ಲಿ” ಎಂದು ಸಭಾಂಗಣಕ್ಕೆಲ್ಲ ಕೇಳುವಂತೆ ಕೂಗಿದಳು. “ನಮ್ ಅಕ್ಕಿ ಎಂಗೆ ಬೆಳ್ದದೆ ನೋಡ್ ಬನ್ನಿ!”

ಉಳಿದ ಆರು ಮಂದಿಯೂ ಎದ್ದು ಬಂದರು.